ಡ್ರಾ ಆದ ಆಟಕ್ಕೂ ತಾಲ್ಲೂಕಿನಲ್ಲಿ ಜಾಗ ಬೇಕು

ಶಾಲಾ ಕ್ರೀಡಾಕೂಟದಿಂದ ಮನೆಗೆ ಬಂದ ಮಗುವಿಗೆ ಹಾನಗಲ್‌ನಲ್ಲಾಗಲಿ, ಹಿರೇಕೆರೂರಿನಲ್ಲಾಗಲಿ ಬೀಳುವ ಮೊದಲ ಪ್ರಶ್ನೆ ಒಂದೇ: ‘ಗೆದ್ದ್ಯೋ, ಸೋತ್ಯೋ?’ ಕಬಡ್ಡಿ, ಖೊ-ಖೊ ಆಡಿ ಬಂದವರಿಗೆ ಉತ್ತರ ಸುಲಭ. ಚೆಸ್ ಆಡಿ ಬಂದ ಹುಡುಗಿ ‘ಡ್ರಾ ಆತು’ ಎಂದರೆ ಮಾತ್ರ ಮನೆಯವರು ತಡವರಿಸುತ್ತಾರೆ. ‘ಅಂದ್ರ ಗೆದ್ದಿಲ್ಲ ಅನ್ನು’ ಎಂದು ಅಜ್ಜ ತೀರ್ಪು ಕೊಡುತ್ತಾನೆ. ‘ಸೋತಿಲ್ಲಲ್ಲ, ಬಿಡು’ ಎಂದು ಅವ್ವ ಸಮಾಧಾನ ಹೇಳುತ್ತಾಳೆ. ಆಟ ಹೇಗೆ ಶುರುವಾಯಿತು, ಯಾವ ಕಾಯಿ ಎಲ್ಲಿ ಸಿಕ್ಕಿಬಿತ್ತು, ಕೊನೆಗೆ ಹೇಗೆ ಉಳಿದುಕೊಂಡಳು ಎಂಬುದನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಹೇಳಲು ಅವಳ ಬಳಿ ದಾಖಲೆ ಇರುವುದಿಲ್ಲ. ನಡೆಗಳನ್ನು ಬರೆದುಕೊಳ್ಳಬೇಕು ಎಂದು ಅವಳಿಗೆ ಯಾರೂ ಕಲಿಸಿರುವುದಿಲ್ಲ.

ಮನೆಯವರನ್ನು ದೂರಿ ಪ್ರಯೋಜನವಿಲ್ಲ. ಸ್ಪರ್ಧೆ ನಡೆಸುವ ಪದ್ಧತಿಯೇ ಡ್ರಾ ಎಂಬ ಫಲಿತಾಂಶವನ್ನು ತೊಡಕು ಎಂದು ನೋಡುವಾಗ ಅಜ್ಜ ಬೇರೆ ರೀತಿ ನೋಡಬೇಕು ಎನ್ನುವುದು ಹೇಗೆ? ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಶಾಲೆಗಳಲ್ಲಿ ಚೆಸ್ ಪಟ ಈಗ ಅಪರೂಪದ ವಸ್ತುವಲ್ಲ. ಶಾಲಾ ಕ್ರೀಡಾಕೂಟಗಳಲ್ಲಿ ಆ ಆಟಕ್ಕೂ ಸ್ಥಾನವಿದೆ. ಆದರೆ ಒಂದು ಮಧ್ಯಾಹ್ನದೊಳಗೆ ಆಟ ಮುಗಿಸಿ, ಹೆಸರು ಬರೆದು, ಜಿಲ್ಲೆಗೆ ಕಳಿಸುವ ಅವಸರದಲ್ಲಿ ನಾಕೌಟ್ ಪದ್ಧತಿ ಹಿಡಿದರೆ ಡ್ರಾ ಆದ ಆಟವನ್ನು ಏನು ಮಾಡುವುದು? ಮತ್ತೆ ಆಡಿಸಬೇಕು, ಇಲ್ಲವೇ ಕಾಯಿ ಎಣಿಸಬೇಕು, ಇಲ್ಲವೇ ನಾಣ್ಯ ಚಿಮ್ಮಬೇಕು. ಮೂರರಲ್ಲಿ ಯಾವುದೇ ಆದರೂ ಆ ಮಗುವಿಗೆ ಸಿಗುವ ಪಾಠ ಒಂದೇ: ನೀನು ಆಡಿದ್ದು ಲೆಕ್ಕಕ್ಕಿಲ್ಲ.

ಲೆಕ್ಕಕ್ಕೆ ಹಿಡಿಯಲೇಬೇಕಾದ ಡ್ರಾ ಹೇಗಿರುತ್ತದೆ ಎಂದು ತಿಳಿಯಲು 1872ರ ವಿಯೆನ್ನಾದ ಒಂದು ಆಟವನ್ನು ಪಟದ ಮೇಲೆ ಇಟ್ಟು ನೋಡಬಹುದು. ಬಿಳಿ ಕಾಯಿ ಹಿಡಿದವನು ಕಾರ್ಲ್ ಹಾಂಪೆ, ಸರ್ಕಾರಿ ಅಧಿಕಾರಿ. ಕಪ್ಪು ಕಾಯಿ ವಕೀಲ ಫಿಲಿಪ್ ಮೈಟ್ನರ್‌ನದು. ಈ ವಕೀಲರಿಗೆ ಆರು ವರ್ಷಗಳ ನಂತರ ಹುಟ್ಟಿದ ಮಗಳೇ ಪರಮಾಣು ವಿದಳನವನ್ನು ವಿವರಿಸಿದ ವಿಜ್ಞಾನಿ ಲೀಸ ಮೈಟ್ನರ್. 109ನೆಯ ಮೂಲವಸ್ತುವಿಗೆ ಮೈಟ್ನೇರಿಯಂ ಎಂದು ಹೆಸರು ಬಂದದ್ದು ಅವಳಿಂದ. ಆ ಮನೆತನದ ಹೆಸರು ರಸಾಯನಶಾಸ್ತ್ರದ ಪಟ್ಟಿಯಲ್ಲಿ ಸೇರುವ ಮೊದಲೇ ಚೆಸ್ ಪುಸ್ತಕಗಳಲ್ಲಿ ಸೇರಿಹೋಗಿತ್ತು.

ಆರಂಭ ವಿಯೆನ್ನಾ ಗೇಮ್. ಎರಡೂ ಕಡೆ ರಾಜನ ಮುಂದಿನ ಕಾಲಾಳು ಎರಡು ಮನೆ ನಡೆದ. ಹಾಂಪೆ ಮಂತ್ರಿಯ ಬದಿಯ ಕುದುರೆ ತೆಗೆದ, ಮೈಟ್ನರ್ ಒಂಟೆ ತೆಗೆದ. ಮೂರನೆಯ ನಡೆಯಲ್ಲಿ ಹಾಂಪೆ ತನ್ನ ಕುದುರೆಯನ್ನು ಪಟದ ಅಂಚಿಗೆ ಒಯ್ದು ಒಂಟೆಯನ್ನು ಹೆದರಿಸಿದ. ಜಾಣನಾದವನು ಒಂಟೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದ. ಮೈಟ್ನರ್ ಆ ಒಂಟೆಯಿಂದ ರಾಜನ ಪಕ್ಕದ ಕಾಲಾಳನ್ನೇ ಹೊಡೆದು ಚೆಕ್ ಕೊಟ್ಟ. ರಾಜ ಒಂಟೆಯನ್ನು ನುಂಗಿದ. ಕಪ್ಪು ಮಂತ್ರಿ ಹೊರಬಂದು ಮತ್ತೆ ಚೆಕ್ ಎಂದಿತು. ಅಲ್ಲಿಂದ ಬಿಳಿ ರಾಜನ ವನವಾಸ ಶುರು. ಎಂಟನೆಯ ನಡೆಯ ಹೊತ್ತಿಗೆ ಅವನು ತನ್ನ ಮನೆ ಬಿಟ್ಟು ಪಟದ ಎಡಬದಿಗೆ, ಮೂರನೆಯ ಸಾಲಿಗೆ ಬಂದು ನಿಂತಿದ್ದ.

ಒಂಬತ್ತನೆಯ ನಡೆಯಲ್ಲಿ ಮೈಟ್ನರ್ ಮಂತ್ರಿಯನ್ನೇ ಕೊಟ್ಟುಬಿಟ್ಟ. ಅಂಚಿನಲ್ಲಿದ್ದ ಕುದುರೆಯನ್ನು ಮಂತ್ರಿಯಿಂದ ಹೊಡೆದು ಚೆಕ್, ರಾಜ ಮಂತ್ರಿಯನ್ನು ಹೊಡೆದ. ಕಪ್ಪು ಕುದುರೆ ಚೆಕ್, ಕಾಲಾಳು ಚೆಕ್. ರಾಜ ಆ ಕುದುರೆಯನ್ನೂ ನುಂಗಿ ಐದನೆಯ ಸಾಲಿನಲ್ಲಿ, ವೈರಿಯ ಅಂಗಳದಲ್ಲಿ, ಒಬ್ಬನೇ ನಿಂತ. ಒಂಟೆ, ಮಂತ್ರಿ, ಕುದುರೆ ಮೂರೂ ಹೋಗಿವೆ. ಈಗ ಮೈಟ್ನರ್ ಮಾಡಿದ್ದೇನು? ಉಳಿದ ಕುದುರೆಯನ್ನು ಸದ್ದಿಲ್ಲದೆ ಒಂದು ಹೆಜ್ಜೆ ಹೊರಗೆ ತಂದ. ಚೆಕ್ ಇಲ್ಲ, ಹೊಡೆತ ಇಲ್ಲ. ಆದರೆ ಮುಂದಿನ ಎರಡು ನಡೆಗಳಲ್ಲಿ ಕಾಲಾಳಿನ ಚೆಕ್, ಒಂಟೆಯ ಮೇಟ್ ಎರಡೂ ಸಿದ್ಧ.

ಹಾಂಪೆ ಕೂಡ ಕಡಿಮೆಯವನಲ್ಲ. ಒಂಟೆಯಿಂದ ಚೆಕ್ ಕೊಟ್ಟು ಕಪ್ಪು ರಾಜನನ್ನು ಒಂದು ಮನೆ ಸರಿಸಿ, ಅದೇ ಒಂಟೆಯನ್ನು ಕುದುರೆಗೂ ಕಾಲಾಳಿಗೂ ಸಿಗುವ ಮನೆಯಲ್ಲಿ ತಾನಾಗಿ ಇಟ್ಟ. ಒಂಟೆಯನ್ನು ಹಿಂದಿರುಗಿಸಿ ಉಸಿರಾಡಲು ಜಾಗ ಕೊಂಡುಕೊಂಡ ಹಾಗೆ. ಕುದುರೆ ಒಂಟೆಯನ್ನು ಹೊಡೆಯಿತು, ರಾಜ ಕುದುರೆಯನ್ನು ಹೊಡೆದ. ಮೈಟ್ನರ್ ತನ್ನಲ್ಲಿ ಉಳಿದ ಒಂದೇ ಒಂಟೆಯನ್ನು ರಾಜನ ಬಾಯಿಗೇ ತಂದು ಚೆಕ್ ಎಂದ. ಹೊಡೆದರೆ ಕಪ್ಪು ರಾಜ ಒಂದು ಮನೆ ಮುಂದೆ ಬರುತ್ತಾನೆ, ಆಮೇಲೆ ಆನೆಯ ಮೇಟ್ ತಪ್ಪುವುದಿಲ್ಲ. ಬಿಳಿಯ ಮಂತ್ರಿ ನಡುವೆ ಒಂದು ಚೆಕ್ ಕೊಡಬಹುದು, ಅಷ್ಟೆ. ಹೊಡೆಯದೆ ಹಿಂದೆ ಸರಿದರೆ ಒಂಟೆ ಪಕ್ಕದ ಮನೆಯಿಂದ ಮತ್ತೆ ಚೆಕ್. ಅಲ್ಲಿಂದ ಅಂಚಿಗೆ ಓಡಿದರೆ ಕಾಲಾಳಿನ ಕೈಯಲ್ಲಿ ಮೇಟ್. ಆದ್ದರಿಂದ ರಾಜ ಬಂದ ಮನೆಗೇ ಹೋಗಬೇಕು, ಒಂಟೆ ಹಿಂಬಾಲಿಸಬೇಕು. 18 ನಡೆಗಳಲ್ಲಿ ಆಟ ಡ್ರಾ.

ಪಟದ ಮೇಲೆ ಆಗ ಉಳಿದ ಕಾಯಿಗಳನ್ನು ನೋಡಬೇಕು. ಬಿಳಿಯ ಮಂತ್ರಿ, ಎರಡೂ ಆನೆ, ಒಂದು ಒಂಟೆ, ಒಂದು ಕುದುರೆ ಆಟ ಶುರುವಾದಾಗ ಇಟ್ಟ ಮನೆಯಲ್ಲೇ ಇವೆ, ಒಂದು ಹೆಜ್ಜೆ ಕದಲಿಲ್ಲ. ಕಪ್ಪಿನ ಬಳಿ ಇರುವುದು ಎರಡು ಆನೆ, ಒಂದು ಒಂಟೆ, ಕಾಲಾಳುಗಳು. ಕಾಯಿ ಎಣಿಸುವ ನಿರ್ಣಾಯಕ ಇಲ್ಲಿ ಇದ್ದಿದ್ದರೆ ಹಾಂಪೆಗೆ ಪ್ರಮಾಣಪತ್ರ ಬರೆದುಕೊಟ್ಟು, ಮೈಟ್ನರ್‌ನನ್ನು ಮನೆಗೆ ಕಳಿಸುತ್ತಿದ್ದ. ಅದಕ್ಕಿಂತ ದೊಡ್ಡ ಅನ್ಯಾಯ ಚೆಸ್‌ನಲ್ಲಿ ಇನ್ನೊಂದಿಲ್ಲ.

ಮಂತ್ರಿಯನ್ನು ಕೊಟ್ಟವನಿಗೆ ಗೆಲುವೇ ಬೇಕಿತ್ತು. ತಡೆದವನಿಗೂ ಗೆಲುವೇ ಬೇಕಿತ್ತು. ಇಬ್ಬರೂ ಕೊನೆಯವರೆಗೆ ಪಟ್ಟು ಬಿಡದೆ ಆಡಿದ್ದರಿಂದ ಯಾರಿಗೂ ಅದು ಸಿಗಲಿಲ್ಲ. ಹರಿತವಾದ ಓಪನಿಂಗ್‌ನಲ್ಲಿ ಡ್ರಾ ಸುಮ್ಮನೆ ಸಿಗುವುದಿಲ್ಲ. ಕೊನೆಯ ನಡೆಗಳಲ್ಲಿ ಒಂದು ತಪ್ಪಿದ್ದರೂ ಆ ಆಟ ಇಪ್ಪತ್ತು ನಡೆಯೊಳಗೆ ಯಾರದೋ ಸೋಲಾಗಿ, ಆಮೇಲೆ ಯಾರ ನೆನಪಿನಲ್ಲೂ ಉಳಿಯುತ್ತಿರಲಿಲ್ಲ.

ಇದು ಯುರೋಪಿನ ಕಥೆ ಎಂದು ಬಿಡುವಂತಿಲ್ಲ, ಇದೇ ಶತಮಾನದ ಮೊಫಸಿಲ್ ಭಾರತದ ಕಥೆಯೂ ಇದೆ. 1848ರ ಸುಮಾರಿಗೆ ಕಲ್ಕತ್ತೆಯ ಚೆಸ್ ಕ್ಲಬ್ಬಿನವರಿಗೆ ಹಳ್ಳಿಗಾಡಿನಲ್ಲಿ ಸೋಲನ್ನೇ ಕಾಣದ ಒಬ್ಬ ಆಟಗಾರ ಇದ್ದಾನೆ ಎಂಬ ಸುದ್ದಿ ಸಿಕ್ಕಿತು. ಅವನು ಮಹೇಶಚಂದ್ರ ಬ್ಯಾನರ್ಜಿ. ಆ ನಗರದಲ್ಲಿದ್ದ ಸ್ಕಾಟ್ಲೆಂಡಿನ ಬ್ಯಾರಿಸ್ಟರ್ ಜಾನ್ ಕಾಕ್ರೇನ್ ಅವನ ಜೊತೆ ಆಡಿದ ನೂರಾರು ಆಟಗಳು ದಾಖಲಾಗಿ ಉಳಿದಿವೆ. ದೇಸಿ ನಿಯಮದಲ್ಲಿ ಕಾಲಾಳು ಒಂದು ಸಲಕ್ಕೆ ಒಂದೇ ಮನೆ ನಡೆಯುತ್ತದೆ. ಆ ಪದ್ಧತಿಯಲ್ಲಿ ಬೆಳೆದ ಮಹೇಶಚಂದ್ರ ಕಾಲಾಳನ್ನು ಸಣ್ಣ ಹೆಜ್ಜೆಯಲ್ಲಿ ನಡೆಸಿ, ಒಂಟೆಯನ್ನು ಮೂಲೆಯ ದಾರಿಯಲ್ಲಿ ಇಟ್ಟು, ನಡುಮನೆಯನ್ನು ವೈರಿಗೆ ಬಿಟ್ಟುಕೊಟ್ಟು ಆಮೇಲೆ ಮುರಿಯುತ್ತಿದ್ದ. ಇವತ್ತು ಜಗತ್ತಿನ ದೊಡ್ಡ ಆಟಗಾರರು ಆಡುವ ‘ಇಂಡಿಯನ್ ಡಿಫೆನ್ಸ್’ಗಳ ಹೆಸರಿನ ಮೂಲ ಅದು.

ಕಾಕ್ರೇನ್ ಅವನ ಎದುರು ಹೂಡಿದ ಒಂದು ಅಸ್ತ್ರಕ್ಕೂ ಹೆಸರು ಉಳಿಯಿತು. ಪೆಟ್ರೋಫ್ ಡಿಫೆನ್ಸ್‌ನಲ್ಲಿ ನಾಲ್ಕನೆಯ ನಡೆಗೆ ಬಿಳಿ ಕುದುರೆ ಹಿಂದಿರುಗಬೇಕಾದ ಜಾಗದಲ್ಲಿ ರಾಜನ ಪಕ್ಕದ ಕಾಲಾಳನ್ನು ಹೊಡೆದು ತಾನೂ ಸಾಯುತ್ತದೆ. ಎರಡು ಕಾಲಾಳಿಗೆ ಒಂದು ಕುದುರೆ. ಬದಲಿಗೆ ಎದುರಾಳಿಯ ರಾಜ ಬೀದಿಗೆ ಬರುತ್ತಾನೆ. ಕಾಕ್ರೇನ್ ಗ್ಯಾಂಬಿಟ್ ಎಂದರೆ ಇದೇ. ಹುಡುಗರ ಆಟ ಎಂದು ದೊಡ್ಡವರು ನಗುತ್ತಿದ್ದ ಈ ಗ್ಯಾಂಬಿಟ್ಟನ್ನು 1999ರಲ್ಲಿ ಸ್ಪೇನಿನ ಲಿನಾರೆಸ್‌ನಲ್ಲಿ ವೆಸೆಲಿನ್ ಟೋಪಾಲೊವ್ ಆಡಿದರು. ಎದುರಿಗಿದ್ದವರು ವ್ಲಾದಿಮಿರ್ ಕ್ರಾಮ್ನಿಕ್, ಮರುವರ್ಷ ಕ್ಯಾಸ್ಪರೋವ್‌ರನ್ನು ಸೋಲಿಸಿ ವಿಶ್ವ ಪಟ್ಟ ಏರಿದವರು. ಜಗತ್ತಿನಲ್ಲೇ ಸೋಲಿಸುವುದು ಕಷ್ಟ ಎನಿಸಿಕೊಂಡ ಆಟಗಾರನ ಎದುರು, ಜಗತ್ತಿನ ಅತ್ಯಂತ ಬಿಗಿಯಾದ ಟೂರ್ನಿಯೊಂದರಲ್ಲಿ, ನಾಲ್ಕನೆಯ ನಡೆಗೇ ಒಂದು ಕುದುರೆ ಬಿಟ್ಟುಕೊಟ್ಟ ಆಟ ಅದು. ಫಲಿತಾಂಶ ಡ್ರಾ. ಬಿಳಿಗೆ ಗೆಲುವು ಬರಲಿಲ್ಲ ಎಂದು ಯಾರೂ ಮರುಗಲಿಲ್ಲ. ಕಲ್ಕತ್ತೆಯ ಹಳೆಯ ಗ್ಯಾಂಬಿಟ್ ಅಲ್ಲಿ ನಿಂತಿತಲ್ಲ ಎಂದು ಎಲ್ಲರೂ ಬೆರಗಾದರು.

ಮೊಫಸಿಲ್ ಎಂಬ ಮಾತು ಬಂದಾಗ ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ಕಡೆ ನೋಡಬೇಕು. ಚದುರಂಗ ಇಲ್ಲಿಗೆ ನಿನ್ನೆ ಮೊನ್ನೆ ಬಸ್ ಹತ್ತಿ ಬಂದ ಆಟವಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆಸಿದ ‘ಮಾನಸೋಲ್ಲಾಸ’ದಲ್ಲಿ ಚದುರಂಗಕ್ಕೇ ಅರವತ್ತಕ್ಕೂ ಹೆಚ್ಚು ಶ್ಲೋಕಗಳಿವೆ. ಅದೇ ಕಾಲದಲ್ಲಿ ಪಾನುಂಗಲ್ಲು, ಅಂದರೆ ಇಂದಿನ ಹಾನಗಲ್, ಚಾಲುಕ್ಯರ ಸಾಮಂತರಾಗಿದ್ದ ಕದಂಬರ ರಾಜಧಾನಿ. ತಾರಕೇಶ್ವರ ದೇವಾಲಯದ ಕಲ್ಲಿನ ಕಮಲ ನೋಡಲು ಬರುವವರಿಗೆ ಈ ನಂಟನ್ನೂ ಯಾರಾದರೂ ಹೇಳಿದರೆ ಒಳ್ಳೆಯದಿತ್ತು. ಮುಂದೆ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರ್ (1794-1868) ಪಟದ ಆಟಗಳಿಗೆ ‘ಶ್ರೀತತ್ತ್ವನಿಧಿ’ಯಲ್ಲಿ ‘ಕೌತುಕನಿಧಿ’ ಎಂಬ ಭಾಗವನ್ನೇ ಮೀಸಲಿಟ್ಟರು. ಕುದುರೆಯು ಎಲ್ಲ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ನಡೆಗಳನ್ನು ಕಟ್ಟುವುದು ಅವರಿಗೆ ಬಹಳ ಇಷ್ಟದ ಕೆಲಸವಾಗಿತ್ತು.

ದೇಸಿ ಪದ್ಧತಿಯಲ್ಲಿ ಗೆಲುವು, ಸೋಲುಗಳ ನಡುವಿನ ಜಾಗಕ್ಕೆ ಇವತ್ತಿನ ಶಾಲಾ ಸ್ಪರ್ಧೆಗಿಂತ ಹೆಚ್ಚು ಬೆಲೆ ಇತ್ತು ಎಂಬುದು ಗಮನಿಸಬೇಕಾದ ಮಾತು. ಭಾರತದ ಅನೇಕ ಕಡೆ ಎದುರಾಳಿಯ ದೊಡ್ಡ ಕಾಯಿಗಳೆಲ್ಲ ಹೋಗಿ ರಾಜ ಬರಿದಾಗಿ ನಿಂತರೆ ಆಟ ಅಲ್ಲಿಗೆ ನಿಲ್ಲುತ್ತಿತ್ತು. ಅದನ್ನು ಪೂರ್ತಿ ಗೆಲುವು ಎನ್ನದೆ ಅರ್ಧ ಗೆಲುವು ಎಂದೋ, ಡ್ರಾ ಎಂದೋ ಎಣಿಸುತ್ತಿದ್ದರು. ಇನ್ನು ಇಂಗ್ಲೆಂಡಿನಲ್ಲಿ 17 ಮತ್ತು 18ನೆಯ ಶತಮಾನಗಳಲ್ಲಿ ಸ್ಟೇಲ್‌ಮೇಟ್ ಮಾಡಿದವನೇ ಸೋತಂತೆ! ಚೆಕ್ ಇಲ್ಲದೆಯೇ, ನಡೆಯಲು ಮನೆ ಇಲ್ಲದಂತೆ ರಾಜನನ್ನು ಕಟ್ಟಿಹಾಕುವುದೇ ಸ್ಟೇಲ್‌ಮೇಟ್. ಯಾವುದನ್ನು ಅರ್ಧ ಎನ್ನಬೇಕು ಎಂಬುದು ಊರೂರಿಗೂ ಬೇರೆ. ಅರ್ಧ ಎಂಬುದೇ ಇಲ್ಲದ ಊರು ಮಾತ್ರ ಕಡಿಮೆ. ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇದೆ. ದೇಸಿ ಚದುರಂಗದ ನಿಯಮ ಬಲ್ಲ ಹಿರಿಯರು ಸುತ್ತಲಿನ ಹಳ್ಳಿಗಳಲ್ಲಿ ಇನ್ನೂ ಇರುವಾಗಲೇ, ರಾಜನಿಗೆ ಒಂದು ಸಲ ಕುದುರೆಯಂತೆ ನೆಗೆಯಲು ಸಿಗುತ್ತಿದ್ದ ಅವಕಾಶದಂಥ ಸಂಗತಿಗಳನ್ನು ಆಟ ಆಡಿಸಿಯೇ ಬರೆದುಕೊಳ್ಳುವ ಕೆಲಸ ಯಾರಾದರೂ ವಿದ್ಯಾರ್ಥಿಯ ಪಾಲಿಗೆ ಬೀಳಲಿ.

ಅರ್ಧದ ಮರ್ಯಾದೆ ಈ ನೆಲಕ್ಕೆ ಹೊಸದಲ್ಲ ಎನ್ನಲು ಚದುರಂಗದ ತನಕವೂ ಹೋಗಬೇಕಿಲ್ಲ. ಜಾತ್ರೆಯ ಕುಸ್ತಿ ಕಣದಲ್ಲಿ ಹೊತ್ತು ಮೀರಿದರೂ ಇಬ್ಬರಲ್ಲಿ ಯಾರ ಬೆನ್ನೂ ಮಣ್ಣಿಗೆ ಹತ್ತದಿದ್ದರೆ ಪಂಚರು ಇಬ್ಬರ ಕೈಯನ್ನೂ ಎತ್ತಿ ‘ಸಮಬಲ’ ಎನ್ನುತ್ತಾರೆ. ಜನ ಇಬ್ಬರಿಗೂ ಶಿಳ್ಳೆ ಹಾಕುತ್ತಾರೆ, ಇಬ್ಬರ ಕೈಗೂ ನೋಟು ತುರುಕುತ್ತಾರೆ. ಒಬ್ಬರ ಮೈ ಒಬ್ಬರು ಮುಟ್ಟದೆ ಸುತ್ತು ಹಾಕುತ್ತಾ ಹೊತ್ತು ಕಳೆದರೆ ಮಾತ್ರ ‘ನಿಕಾಲಿ ಆಗ್ಲಿ’, ಅಂದರೆ ತೀರ್ಮಾನ ಆಗಲಿ, ಎಂದು ಕೂಗುತ್ತಾರೆ. ಎರಡು ಬಗೆಯ ಸಮಬಲದ ವ್ಯತ್ಯಾಸ ಆ ಪ್ರೇಕ್ಷಕರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಚೆಸ್‌ನಲ್ಲೂ ಆ ಎರಡನೆಯ ಬಗೆಯ ಡ್ರಾ ಇದೆ, ಅದು ಜಗತ್ತಿನ ತಲೆನೋವು. ಹತ್ತು-ಹನ್ನೆರಡು ನಡೆ ಆಡಿ, ಕೈಕುಲುಕಿ, ಚಹಾಕ್ಕೆ ಹೋಗುವವರನ್ನು ಸಮರ್ಥಿಸುವ ಅಗತ್ಯ ಯಾರಿಗೂ ಇಲ್ಲ. 1984ರ ಸೆಪ್ಟೆಂಬರ್‌ನಲ್ಲಿ ಮಾಸ್ಕೋದಲ್ಲಿ ಶುರುವಾದ ಕಾರ್ಪೋವ್-ಕ್ಯಾಸ್ಪರೋವ್ ವಿಶ್ವ ಪಂದ್ಯದಲ್ಲಿ 48 ಆಟಗಳು ನಡೆದವು. 40 ಡ್ರಾ ಆದವು. ಕೊನೆಗೆ 1985ರ ಫೆಬ್ರುವರಿಯಲ್ಲಿ ವಿಶ್ವ ಚೆಸ್ ಸಂಸ್ಥೆ ಫಿಡೆಯ ಅಧ್ಯಕ್ಷರು ಪಂದ್ಯವನ್ನೇ ನಿಲ್ಲಿಸಿದರು. ಇದಕ್ಕೆ ಮದ್ದು ಹುಡುಕಿದವರು ಅನೇಕರು. 2005ರಲ್ಲಿ ಸೋಫಿಯಾದ ಟೂರ್ನಿ ಆಟಗಾರರು ತಮ್ಮತಮ್ಮಲ್ಲಿ ಡ್ರಾ ಮಾತಾಡಿಕೊಳ್ಳುವುದನ್ನು ನಿಷೇಧಿಸಿತು. 2008ರಲ್ಲಿ ಬಿಲ್ಬಾವೊದಲ್ಲಿ ಫುಟ್‌ಬಾಲಿನಂತೆ ಗೆಲುವಿಗೆ ಮೂರು, ಡ್ರಾಕ್ಕೆ ಒಂದು ಅಂಕ ಕೊಟ್ಟರು. ನಾರ್ವೆಯಲ್ಲಿ 2019ರಿಂದ ಡ್ರಾ ಆದ ಕೂಡಲೇ ಇಬ್ಬರನ್ನೂ ಮತ್ತೆ ಕೂರಿಸಿ ಆರ್ಮಗೆಡ್ಡನ್ ಎಂಬ ಚುಟುಕು ಆಟ ಆಡಿಸುತ್ತಾರೆ. ಅದರಲ್ಲಿ ಕಪ್ಪಿಗೆ ಸಮಯ ಕಡಿಮೆ, ಆದರೆ ಡ್ರಾ ಆದರೂ ಕಪ್ಪಿಗೇ ಗೆಲುವು. ಡ್ರಾ ತಪ್ಪಿಸಲು ಹುಟ್ಟಿದ ನಿಯಮದೊಳಗೂ ಡ್ರಾ ನುಸುಳಿ ಗೆಲುವಿನ ಉಡುಪು ತೊಟ್ಟಿದ್ದು ತಮಾಷೆಯೇ.

ಹರಿತ ಓಪನಿಂಗ್ ಆಡಿದವರೆಲ್ಲ ಹೋರಾಡಿಯೇ ಡ್ರಾ ಮಾಡುತ್ತಾರೆ ಎನ್ನುವುದೂ ಭೋಳೆತನ. ಸಿಸಿಲಿಯನ್ ಡಿಫೆನ್ಸ್‌ನ ಕೆಲವು ಸಾಲುಗಳಲ್ಲಿ ಕಂಪ್ಯೂಟರ್ ಮುಂದೆ ಕೂತು ಇಪ್ಪತ್ತೈದು ನಡೆ ಬಾಯಿಪಾಠ ಮಾಡಿ, ಕಾಯಿಗಳನ್ನು ಬಲಿಕೊಟ್ಟ ನಾಟಕ ಆಡಿ, ಕೊನೆಗೆ ನಿರಂತರ ಚೆಕ್ ಕೊಟ್ಟು ಎದ್ದುಹೋಗುವ ಗ್ರ್ಯಾಂಡ್‌ಮಾಸ್ಟರ್‌ಗಳಿದ್ದಾರೆ. ಆದರೆ ಆ ರೋಗ ಸವಣೂರಿನ ಏಳನೆಯ ತರಗತಿಗೆ ಇನ್ನೂ ತಗುಲಿಲ್ಲ. ಅಲ್ಲಿ ಡ್ರಾ ಆಗುವ ಆಟ ಬಹುಪಾಲು ಎರಡು ಬಗೆಯದು: ಗೆಲ್ಲುತ್ತಿದ್ದವನು ಆತುರದಲ್ಲಿ ಸ್ಟೇಲ್‌ಮೇಟ್ ಮಾಡಿದ್ದು, ಅಥವಾ ಸೋಲುತ್ತಿದ್ದವನು ಚೆಕ್ ಮೇಲೆ ಚೆಕ್ ಕೊಟ್ಟು ಉಳಿದದ್ದು. ಮೊದಲನೆಯದರಲ್ಲಿ ಒಬ್ಬನಿಗೆ ಪಾಠವಿದೆ, ಎರಡನೆಯದರಲ್ಲಿ ಇಬ್ಬರಿಗೂ ಇದೆ.

ಸೋಲುವ ಸ್ಥಿತಿಯಲ್ಲಿ ಡ್ರಾ ಹಿಡಿಯುವುದು ಎಷ್ಟು ದೊಡ್ಡ ವಿದ್ಯೆ ಎಂಬುದನ್ನು ಇಡೀ ದೇಶ 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಕಂಡಿತು, ಉಲ್ಟಾ ಕಡೆಯಿಂದ. ವಿಶ್ವ ಪಟ್ಟಕ್ಕಾಗಿ ಗುಕೇಶ್ ಮತ್ತು ಆಗಿನ ಚಾಂಪಿಯನ್ ಡಿಂಗ್ ಲಿರೆನ್ ನಡುವಿನ 14 ಆಟಗಳಲ್ಲಿ 9 ಡ್ರಾ ಆಗಿದ್ದವು. ಕೊನೆಯ ಆಟವೂ ಡ್ರಾ ಎಂದೇ ಎಲ್ಲರೂ ಎದ್ದು ಹೋಗುವ ಹೊತ್ತು. ಗುಕೇಶ್‌ಗೆ ಹೆಚ್ಚಿದ್ದದ್ದು ಒಂದೇ ಕಾಲಾಳು. 55ನೆಯ ನಡೆಯಲ್ಲಿ ಡಿಂಗ್ ಆನೆಯನ್ನು ಬದಲಾಯಿಸಿಕೊಳ್ಳಲು ಮುಂದಿಟ್ಟರು. ಆನೆ ಹೋಯಿತು, ಹಿಂದೆಯೇ ಒಂಟೆಗಳೂ ಹೋದವು, ಉಳಿದದ್ದು ರಾಜ ಮತ್ತು ಕಾಲಾಳುಗಳ ಆಟ. ಅದರಲ್ಲಿ ಆ ಒಂದು ಕಾಲಾಳು ಸಾಕಾಯಿತು. 7.5-6.5ರಿಂದ ಗುಕೇಶ್ ಜಗಜ್ಜೇತ. ವಿಶ್ವ ಚಾಂಪಿಯನ್ ಒಬ್ಬರು ಕೈಗೆ ಬಂದ ಡ್ರಾ ಕಳೆದುಕೊಂಡದ್ದರಿಂದ ಪಟ್ಟ ಬದಲಾಯಿತು. ಹಾಗಿರುವಾಗ ಅದೇ ಡ್ರಾವನ್ನು ಹದಿಮೂರರ ಹುಡುಗಿ ಉಳಿಸಿಕೊಂಡರೆ ಅದು ಸೊನ್ನೆ ಹೇಗಾದೀತು?

ತಾಲ್ಲೂಕು ಮಟ್ಟದಲ್ಲಿ ಬದಲಾಯಿಸಬೇಕಾದದ್ದು ಬಹಳವಿಲ್ಲ. 32 ಮಕ್ಕಳು ಬಂದಿದ್ದಾರೆ ಎನ್ನಿ. ನಾಕೌಟ್ ಆದರೆ ಮೊದಲ ಆಟ ಮುಗಿಯುತ್ತಲೇ 16 ಮಕ್ಕಳು ಗಂಟು ಕಟ್ಟಿ ಬಸ್‌ಸ್ಟ್ಯಾಂಡ್ ದಾರಿ ಹಿಡಿಯಬೇಕು. ಕೆಲವರ ಪಾಲಿಗೆ ಅದು ವರ್ಷದ ಒಂದೇ ಸ್ಪರ್ಧೆ, ಒಂದೇ ಆಟ. 1895ರಲ್ಲಿ ಜ್ಯೂರಿಕ್‌ನಲ್ಲಿ ಮೊದಲು ಬಳಸಿದ ಸ್ವಿಸ್ ಪದ್ಧತಿಯಲ್ಲಿ ಯಾರೂ ಹೊರಬೀಳುವುದಿಲ್ಲ. ಪ್ರತಿ ಸುತ್ತಿನಲ್ಲೂ ಸಮಾನ ಅಂಕದವರು ಎದುರುಬದುರಾಗುತ್ತಾರೆ, ಡ್ರಾಕ್ಕೆ ಅರ್ಧ ಅಂಕ ಸಿಗುತ್ತದೆ. ಐದು ಸುತ್ತು, ಒಬ್ಬೊಬ್ಬರಿಗೆ 15 ನಿಮಿಷ, ಅಂದರೆ ಆಟಕ್ಕೆ ಅರ್ಧ ತಾಸು. ಸುತ್ತುಗಳ ನಡುವೆ ಜೋಡಿ ಹಾಕುವ ಹೊತ್ತು ಸೇರಿದರೂ ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿದ್ದು ಮಧ್ಯಾಹ್ನದ ಬಿಸಿಯೂಟವನ್ನೂ ನಡುವೆ ಇಟ್ಟುಕೊಂಡು ಸಂಜೆಯ ಬಸ್ಸಿಗೆ ಮುಂಚೆ ಮುಗಿಯುತ್ತದೆ. 16 ಪಟ ಬೇಕು, ಅಷ್ಟು ಪಟಗಳನ್ನು ನಾಲ್ಕೈದು ಶಾಲೆಗಳು ಸೇರಿದರೆ ಹೊಂದಿಸಬಹುದು. ಜೋಡಿ ಹಾಕುವ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ. ಅದೂ ಬೇಡವೆಂದರೆ ಪಿಟಿ ಮಾಸ್ತರು ಹೆಸರಿನ ಚೀಟಿಗಳನ್ನು ಬೆಂಚಿನ ಮೇಲೆ ಅಂಕದ ಪ್ರಕಾರ ಸಾಲಾಗಿ ಇಟ್ಟು ಕೈಯಿಂದಲೇ ಹಾಕಬಹುದು.

ಇನ್ನೊಂದು ಬದಲಾವಣೆ ನಡೆ ಬರೆಯುವುದು. ಇದು ದಾಖಲೆಯ ಶೋಕಿಗಲ್ಲ. ಒಂದೇ ಸ್ಥಿತಿ ಮೂರು ಸಲ ಬಂದರೆ ಡ್ರಾ ಕೇಳಬಹುದು ಎಂಬುದು ನಿಯಮ. ಕೇಳಿದವರು ತೋರಿಸಬೇಕು. ಬರೆದ ಹಾಳೆ ಇಲ್ಲದಿದ್ದರೆ ‘ಮೂರು ಸಲ ಬಂತ್ರಿ ಸರ್’ ಎನ್ನುವ ಹುಡುಗ ಒಂದು ಕಡೆ, ‘ಎರಡ ಸಲ ಅಷ್ಟರಿ’ ಎನ್ನುವ ಹುಡುಗ ಇನ್ನೊಂದು ಕಡೆ, ನಡುವೆ ಮಾಸ್ತರು. ಯಾರ ದನಿ ದೊಡ್ಡದೋ ಅವನ ಮಾತು ನಡೆಯುತ್ತದೆ. ದೊಡ್ಡವರಿಗೂ ಈ ಲೆಕ್ಕ ತಪ್ಪುತ್ತದೆ: 1971ರಲ್ಲಿ ಬ್ಯೂನಸ್ ಐರಿಸ್‌ನ ಕ್ಯಾಂಡಿಡೇಟ್ಸ್ ಫೈನಲ್‌ನ ಮೂರನೆಯ ಆಟದಲ್ಲಿ ಬಾಬಿ ಫಿಷರ್ ಸ್ಥಿತಿ ಮೂರನೆಯ ಸಲ ಬಂತೆಂದು ಡ್ರಾ ಕೇಳಿದಾಗ, ಮಾಜಿ ವಿಶ್ವ ಚಾಂಪಿಯನ್ ಪೆಟ್ರೋಸಿಯನ್‌ಗೆ ಅದು ಗೊತ್ತೇ ಆಗಿರಲಿಲ್ಲ. ಅನುಕೂಲದ ಸ್ಥಿತಿ ಪೆಟ್ರೋಸಿಯನ್‌ರದಾಗಿತ್ತು. ಬರೆದ ಹಾಳೆ ಇತ್ತು, ತಕರಾರು ಬೆಳೆಯಲಿಲ್ಲ.

ನಡೆಯನ್ನು ಹೊರಗೆ ಹೇಳಿ, ದಾಖಲಿಸಿ ಆಡುವ ಶಿಸ್ತು ಎಲ್ಲಿದೆ ಎಂದು ನೋಡಲು ದೂರ ಹೋಗಬೇಕಿಲ್ಲ. ಹಿರೇಕೆರೂರಿನ ಪಕ್ಕದ ಜಿಲ್ಲೆ ಶಿವಮೊಗ್ಗದ ಕಿಶನ್ ಗಂಗೊಳ್ಳಿ ಅಂಧರ ರಾಷ್ಟ್ರೀಯ ಚೆಸ್ ಚಾಂಪಿಯನ್‌ಶಿಪ್ಪನ್ನು ಹಲವು ಸಲ ಗೆದ್ದವರು, 2018ರ ಜಕಾರ್ತಾ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ ಚಿನ್ನ ತಂದವರು. ಕಣ್ಣು ಕಾಣದವರ ಪಟದಲ್ಲಿ ಕಪ್ಪು ಮನೆಗಳು ತುಸು ಎತ್ತರಕ್ಕಿರುತ್ತವೆ. ಪ್ರತಿ ಮನೆಯಲ್ಲೂ ರಂಧ್ರ, ಕಾಯಿಯ ತಳದಲ್ಲಿ ಮೊಳೆ. ಬೆರಳು ತಾಗಿದರೂ ಕಾಯಿ ಉರುಳುವುದಿಲ್ಲ. ಕಪ್ಪು ಕಾಯಿಯ ತಲೆಯ ಮೇಲೆ ಒಂದು ಸೂಜಿಮೊನೆ, ಮುಟ್ಟಿದರೆ ಬಣ್ಣ ತಿಳಿಯುತ್ತದೆ. ಇಬ್ಬರಿಗೂ ಬೇರೆಬೇರೆ ಪಟ. ಆಡಿದ ನಡೆಯನ್ನು ಗಟ್ಟಿಯಾಗಿ ಹೇಳಬೇಕು, ಎದುರಾಳಿ ಅದನ್ನು ಮರುನುಡಿದು ತನ್ನ ಪಟದಲ್ಲಿ ಆಡಬೇಕು. ಲಂಬ ಸಾಲುಗಳ ಹೆಸರು ಕೇಳಿಸಿಕೊಳ್ಳುವಾಗ ಗೊಂದಲವಾಗಬಾರದೆಂದು ಆನಾ, ಬೆಲ್ಲಾ, ಸೀಸರ್, ಡೇವಿಡ್ ಎಂದು ಶುರುವಾಗಿ ಹೆಕ್ಟರ್‌ವರೆಗೆ ಎಂಟು ಹೆಸರುಗಳು. ಕಣ್ಣಿದ್ದವರು ಒಂದು ಪೆನ್ನು ಹಿಡಿಯಲು ಬೇಸರಪಡುವಾಗ ಇವರು ಪ್ರತಿ ನಡೆಯನ್ನೂ ಬಾಯಿಬಿಟ್ಟು ಹೇಳಿ ಆಡುತ್ತಾರೆ.

ತಮಿಳುನಾಡು 2011ರಲ್ಲೇ ಶಾಲೆಗಳಿಗೆ ಚೆಸ್ ಒಯ್ಯುವ ‘ಏಳರಿಂದ ಹದಿನೇಳು’ ಕಾರ್ಯಕ್ರಮ ಶುರು ಮಾಡಿತು. ಇವತ್ತು ಅಲ್ಲಿನ ಗ್ರ್ಯಾಂಡ್‌ಮಾಸ್ಟರ್‌ಗಳ ಸಂಖ್ಯೆ ಮೂವತ್ತು ದಾಟಿದೆ. ಕಾರಣ ಅದೊಂದೇ ಅಲ್ಲ, ವಿಶ್ವನಾಥನ್ ಆನಂದ್ ಎಂಬ ಆಲದ ಮರವೂ ಅಲ್ಲಿದೆ. ಕರ್ನಾಟಕಕ್ಕೆ ಮೊದಲ ಗ್ರ್ಯಾಂಡ್‌ಮಾಸ್ಟರ್ ಸಿಕ್ಕಿದ್ದು 2017ರಲ್ಲಿ, ಮೈಸೂರಿನ ಎಂ.ಎಸ್. ತೇಜ್‌ಕುಮಾರ್. 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ರೊಮೇನಿಯಾದಲ್ಲಿ 16 ವರ್ಷದೊಳಗಿನವರ ವಿಶ್ವ ಪ್ರಶಸ್ತಿ ಗೆದ್ದು ಅದೇ ಹೊತ್ತಿಗೆ ಗ್ರ್ಯಾಂಡ್‌ಮಾಸ್ಟರ್ ಆದರು. ಉಳಿದವರನ್ನು ಸೇರಿಸಿದರೂ ಲೆಕ್ಕ ಒಂದು ಕೈಯ ಬೆರಳುಗಳನ್ನು ದಾಟಲು ಹೆಣಗುತ್ತಿದೆ, ಮತ್ತು ಆ ಬೆರಳುಗಳಲ್ಲಿ ಒಂದೂ ವರದಾ ನದಿಯ ಈ ಬಯಲಿನದಲ್ಲ. ಗ್ರ್ಯಾಂಡ್‌ಮಾಸ್ಟರ್ ಪದವಿಗೆ ಬೇಕಾದ ನಾರ್ಮ್‌ಗಳನ್ನು ಗಳಿಸಲು ಬಲಿಷ್ಠರ ಎದುರು ಒಂಬತ್ತು ಸುತ್ತಿನ ಟೂರ್ನಿಗಳಲ್ಲಿ ಅರ್ಧರ್ಧ ಅಂಕ ಕೂಡಿಸುತ್ತಾ ಹೋಗಬೇಕು. ಅರ್ಧ ಅಂಕ ಎಂದರೇನು ಎಂದು ತಿಳಿಯದ ಮಗುವಿಗೆ ಆ ದಾರಿ ಶುರುವಾಗುವುದೇ ಇಲ್ಲ.

ಹಾಗೆಂದು ಹಾನಗಲ್‌ನಿಂದ ಮುಂದಿನ ವರ್ಷವೇ ಗ್ರ್ಯಾಂಡ್‌ಮಾಸ್ಟರ್ ಬೇಕು ಎಂದು ಯಾರೂ ಹಟ ಹಿಡಿದಿಲ್ಲ. ಬೇಕಾದದ್ದು ಸಣ್ಣದು. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಿಂದ ಶಾಲೆಗಳಿಗೆ ಹೋಗುವ ಸುತ್ತೋಲೆಯಲ್ಲಿ ಎರಡು ಸಾಲು ಸೇರಿದರೆ ಸಾಕು: ಚೆಸ್ ಸ್ಪರ್ಧೆಯನ್ನು ಸ್ವಿಸ್ ಪದ್ಧತಿಯಲ್ಲಿ ನಡೆಸುವುದು, ಕೊನೆಯ ಎರಡು ಸುತ್ತಿಗಾದರೂ ಪ್ರತಿ ಆಟಗಾರ ನಡೆ ಬರೆಯುವುದು. ಗೆರೆ ಎಳೆದ ನೋಟ್‌ಬುಕ್ಕಿನ ಹಾಳೆಯೇ ಸಾಕು, ಎಡಗಡೆ ಬಿಳಿ, ಬಲಗಡೆ ಕಪ್ಪು. ಸ್ಪರ್ಧೆ ಮುಗಿದ ಮೇಲೆ ಆ ಹಾಳೆಗಳನ್ನು ರದ್ದಿಗೆ ಹಾಕದೆ, ಡ್ರಾ ಆದ ಆಟಗಳಲ್ಲಿ ಚೆನ್ನಾಗಿದ್ದ ಒಂದನ್ನು ಆಡಿದ ಇಬ್ಬರು ಮಕ್ಕಳಿಂದಲೇ ಕರಿಹಲಗೆಯ ಮುಂದೆ ನಡೆನಡೆಯಾಗಿ ಆಡಿಸಿ, ಎಲ್ಲಿ ಯಾರು ಏನು ಯೋಚಿಸಿದರು ಎಂದು ಹೇಳಿಸಬಹುದು. ಬಹುಮಾನ ವಿತರಣೆಗೆ ಬರಬೇಕಾದ ಅತಿಥಿಗಳು ಹೇಗೂ ತಡವಾಗಿಯೇ ಬರುತ್ತಾರೆ. ಆ ಒಂದು ತಾಸು ಇದಕ್ಕೆ ಧಾರಾಳವಾಗಿ ಸಾಕು.